ಉಪಾಧ್ಯಕ್ಷೆಗೆ ಹಾಕಿದ ಅಂಕ

ಪರದೇಶದ ನಮ್ಮ ಕನ್ನಡ ಸಂಘದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಒಬ್ಬರೇ ನಿಲ್ಲುವಂತಿಲ್ಲ. ಉಪಾಧ್ಯಕ್ಷರನ್ನೂ ಆರಿಸಿಕೊಂಡು ಜೋಡಿಯಾಗಿಯೇ ನಾಮಪತ್ರ ಕೊಡಬೇಕು. ನಿಲ್ಲು ನಿಲ್ಲು ಎಂದು ನನ್ನ ತಲೆ ತಿಂದವಳು ಪಕ್ಕದ ಊರು ಕೆಂಟ್‌ನಲ್ಲಿರುವ ಗೆಳತಿ. ಹನ್ನೆರಡು ವರ್ಷದ ಸ್ನೇಹ. ನನಗೆ ಬಾಣಂತನ ಮಾಡಿದ್ದೂ ಅವಳೇ. ಉಪಾಧ್ಯಕ್ಷೆ ತಾನೇ ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಎವರೆಟ್ ಊರಿನ ಎಂಜಿನಿಯರ್ ಒಬ್ಬರು ನನ್ನ ಜೊತೆ ಉಪಾಧ್ಯಕ್ಷರಾಗಿ ನಿಲ್ಲಲು ತಾವೂ ಸಿದ್ಧ ಎಂದರು. ಆ ಕಡೆಯ ಕನ್ನಡದ ಮನೆಗಳೆಲ್ಲ ಅವರ ಮಾತು ಕೇಳುತ್ತವೆ. ನನಗೆ ಆಸೆ ಹತ್ತಿತು. ಆಸೆಯೆಂದು ಒಪ್ಪಿಕೊಳ್ಳುವುದು ಬಿಟ್ಟು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಆಫೀಸಿನಲ್ಲಿ ಇಂಟರ್‌ವ್ಯೂಗೆ ಬಂದವರನ್ನು ಅಳೆಯುವ ಹಾಗೆ ಒಂದು ಶೀಟ್ ಮಾಡಿದೆ. ಇಬ್ಬರಿಗೂ ಅಂಕ, ಪಕ್ಕದಲ್ಲಿ ಟಿಪ್ಪಣಿ. ಅದನ್ನು ಸೇರಿಸಿದ್ದು ಹಳೆಯ ಯುಗಾದಿ ಊಟದ ಫೈಲಿಗೆ. ಆ ಫೈಲನ್ನು ಹಿಂದೆಯೇ ಆನ್‌ಲೈನ್‌ನಲ್ಲಿ ಗೆಳತಿಯೊಂದಿಗೆ ಹಂಚಿಕೊಂಡದ್ದು ಮರೆತೇ ಹೋಗಿತ್ತು.

ನಾಮಪತ್ರದ ಕೊನೆಯ ದಿನ, ಸಂಜೆ ಐದಕ್ಕೆ ಗಡುವು. ಮಧ್ಯಾಹ್ನ ಈಸ್ಟ್‌ಗೇಟ್‌ನ ನನ್ನ ಆಫೀಸಿನಲ್ಲಿ ಶೀಟ್ ತೆರೆದರೆ ಮೇಲೆ ಅವಳ ಫೋಟೊ! ಅವಳೂ ಅದೇ ಕ್ಷಣ ಅದನ್ನು ಓದುತ್ತಿದ್ದಳು. ಅವಳು ಎಲ್ಲಿದ್ದಾಳೆಂದು ತೋರಿಸುವ ಹಸಿರು ಚೌಕ ಒಂದೊಂದೇ ಸಾಲು ಕೆಳಗಿಳಿಯುತ್ತಿತ್ತು. ‘ಮೈಕ್ ಹಿಡಿದರೆ ತಡವರಿಸುತ್ತಾಳೆ.’ ಇಳಿಯಿತು. ‘ಹೊಸ ವೋಟು ತರುವುದಿಲ್ಲ.’ ಇಳಿಯಿತು. ಅಯ್ಯೋ ದೇವರೇ, ಅಲ್ಲಿಗೇ ಸಾಕು ಮಾಡೇ ಎಂದು ಪರದೆಯನ್ನೇ ಬೇಡಿಕೊಂಡೆ. ‘ಬೇಜಾರಾದರೂ ಎರಡು ಒಳ್ಳೆ ಮಾತಾಡಿದರೆ ಸರಿಹೋಗುತ್ತಾಳೆ.’ ಚೌಕ ಅಲ್ಲೇ ನಿಂತಿತು. ತುಂಬ ಹೊತ್ತು ನಿಂತಿತ್ತು. ಆಮೇಲೆ ಫೋಟೊ ಮಾಯವಾಯಿತು.

ಫೋನ್ ಮಾಡಿದೆ, ಎತ್ತಲಿಲ್ಲ. ನಾಮಪತ್ರ ಪ್ರಿಂಟ್ ಮಾಡಿಕೊಂಡು ಕೆಂಟ್‌ಗೆ ಹೊರಟೆ. ಹೆದ್ದಾರಿಯಲ್ಲಿ ಲಾರಿಗಳ ಸಾಲು ಆಮೆ ವೇಗದಲ್ಲಿ ತೆವಳುತ್ತಿತ್ತು. ಹೆದರಿದ್ದೆ, ಚುನಾವಣೆಗಲ್ಲ.

ಅವಳೇ ಬಾಗಿಲು ತೆಗೆದಳು. ಅತ್ತಿರಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು.

“ತಪ್ಪಾಯ್ತು ಕಣೇ. ನನ್ಗೆ ಅವ್ರೂ ಬೇಡ, ಅವ್ರ ವೋಟೂ ಬೇಡ. ನೀನೇ ಉಪಾಧ್ಯಕ್ಷೆ. ಇನ್ನೂ ಅರ್ಧ ಗಂಟೆ ಇದೆ, ಸೈನ್ ಹಾಕು,” ಎಂದು ಕಾಗದ ಚಾಚಿದೆ.

ಅವಳು ಪೆನ್ನು ತೆಗೆದುಕೊಂಡಳು. ಕಾಗದದ ಮೇಲೆ ಇಟ್ಟಳು ಕೂಡ. ಹಾಗೇ ಹಿಂದಕ್ಕೆ ಕೊಟ್ಟಳು.

“ಹಾಕ್ಬೇಕು ಅಂತ್ಲೇ ಇದೆ ಕಣೇ. ಆದ್ರೆ ಈಗ ಹಾಕ್ಬಿಟ್ರೆ, ನನ್ ಬಗ್ಗೆ ನೀನು ಬರ್ದಿರೋ ಆ ಕೊನೇ ಮಾತು ನಿಜ ಆಗ್ಬಿಡುತ್ತಲ್ಲ.”