ನೂಕರತ್ನಮ್ಮನ ಬದುಕು, ಸುವರ್ಣಾ ಮೇಡಂ ಬಾಯಲ್ಲಿ

ವಿಶಾಖಪಟ್ಟಣದ ಕಂಚರಪಾಲೆಂನಲ್ಲಿ ನನ್ನ ಹೊಲಿಗೆ ಅಂಗಡಿಗೆ ಅಂಟಿಕೊಂಡೇ ನೂಕರತ್ನಮ್ಮನ ಪೆಸರಟ್ಟಿನ, ಅಂದರೆ ಹೆಸರುಕಾಳಿನ ದೋಸೆಯ ಒಲೆ. ಗಂಡ ಯಾವಳನ್ನೋ ಕಟ್ಟಿಕೊಂಡು ಒಡಿಶಾ ಕಡೆ ಹೋದಾಗ ಹಸುಗೂಸನ್ನು ಅಕ್ಕಿಮೂಟೆಯ ಪಕ್ಕ ಮಲಗಿಸಿ ಹಿಟ್ಟು ರುಬ್ಬಿದ ಹೆಂಗಸು. ಚಂಡಮಾರುತಕ್ಕೆ ಅಂಗಡಿಯ ತಗಡು ಹಾರಿಹೋದ ಮಾರನೆಯ ಬೆಳಿಗ್ಗೆ ಬಯಲಲ್ಲೇ ಒಲೆ ಹಚ್ಚಿದವಳು.

ಈ ಕಥೆಯನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. "ರತ್ನಕ್ಕಾ, ಮೊದಲು ಚಟ್ನಿ ಹಾಕು" ಎನ್ನುತ್ತಿದ್ದರು ಜನ. ಕೂತು ಪೂರ್ತಿ ಕೇಳಿದವಳು ಎದುರು ಮನೆಯ ಬಂಗಾರಮ್ಮ ಒಬ್ಬಳೇ. ಆಗ ಅವಳು ಮನೆಮನೆಗೆ ಸೀರೆ ಹೊತ್ತು ಮಾರುತ್ತಿದ್ದಳು.

ಆ ಬಂಗಾರಮ್ಮ ಬೀದಿ ಬಿಟ್ಟುಹೋಗಿ ಸುವರ್ಣಾ ಮೇಡಂ ಆದಳು. ಸೋತವರಿಗೆ ಧೈರ್ಯ ತುಂಬುವ ಶಿಬಿರಗಳು, ಪುಸ್ತಕ, ಕಾರು. ಒಂದು ದಿನ ನಮ್ಮೂರಿನ ಶಿಬಿರಕ್ಕೆ ಕರೆಯುವ ಅವಳ ದೊಡ್ಡ ಚಿತ್ರ ನಮ್ಮ ಬೀದಿಯ ಕಂಬಕ್ಕೇ ಬಂತು.

"ಮುಖಕ್ಕೆ ಏನು ಮೆತ್ತಿಕೊಂಡಿದಾಳೆ ನೋಡೇ! ಇಷ್ಟು ಬೆಳ್ಳಗೆ ಯಾವಾಗ ಇದ್ದಳು?" ಎಂದು ರತ್ನಮ್ಮ ಸೌಟು ಕುಕ್ಕಿದಳು. ಆ ದಿನ ಎಲ್ಲರಿಗೂ ಸೀದ ಪೆಸರಟ್ಟು.

ಶಿಬಿರದಲ್ಲಿ ಮುಂದಿನ ಸಾಲಿನ ಕುರ್ಚಿಗೆ ರತ್ನಮ್ಮನ ಒಂದು ತಿಂಗಳ ದುಡಿಮೆ ಬೇಕಿತ್ತು. ಹಿಂದಿನ ಸಾಲಿಗೆ ಎರಡು ಚೀಟಿ ಕೊಂಡು ನನ್ನನ್ನೂ ಎಳೆದಳು. "ನಗೋದಕ್ಕೆ ಹೋಗೋಣ ಬಾ."

ನಗಲಿಲ್ಲ. ವೇದಿಕೆಯ ಮೇಲೆ ಬಂಗಾರಮ್ಮ, "ಗಂಡ ಬಿಟ್ಟುಹೋದ. ಅಕ್ಕಿಮೂಟೆ ಪಕ್ಕ ನನ್ನ ಕೂಸು" ಎನ್ನುತ್ತಿದ್ದಳು. ಬಿಟ್ಟುಹೋದನೆಂದ ಬಂಗಾರಮ್ಮನ ಗಂಡ ಅಲ್ಲೇ ಬಾಗಿಲಲ್ಲಿ ಕೂತು ಅವಳ ಪುಸ್ತಕ ಮಾರುತ್ತಿದ್ದ. ಕಥೆಯಲ್ಲಿ ತಗಡು ಹಾರಿಹೋದಾಗ ಸಭೆಯೆಲ್ಲ ಬಿಕ್ಕಿತು. ರತ್ನಮ್ಮನೂ ಅತ್ತಳು, ಅತ್ತದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಊಟದ ಹೊತ್ತಿಗೆ ಬಂಗಾರಮ್ಮನನ್ನು ಹಿಡಿದಳು. "ಅದು ನನ್ನ ಬದುಕು ಕಣೇ, ಕಳ್ಳಿ!"

"ಹೂಂ, ನಿಂದೇ," ಎಂದಳು ಬಂಗಾರಮ್ಮ, ಸ್ವಲ್ಪವೂ ಅಳುಕದೆ. "ಇಷ್ಟು ವರ್ಷ ನಿನ್ನ ಹತ್ರಾನೇ ಇತ್ತಲ್ಲ, ಯಾರು ಚಪ್ಪಾಳೆ ತಟ್ಟಿದ್ರು? ಮೈಕು ಕೊಡ್ತೀನಿ, ನೀನೇ ಹೇಳು."

ರತ್ನಮ್ಮ ಹತ್ತಿದಳು. ಕಂಚರಪಾಲೆಂ ಅಂಗಡಿ ಎಂದು ಶುರುಮಾಡಿ ಅತ್ತೆಯ ಕಿವಿಯೋಲೆಯ ಜಗಳಕ್ಕೆ ಹೋದಳು, ಅಲ್ಲಿಂದ ಗ್ಯಾಸಿನ ಬೆಲೆಗೆ. ಜನ ಮೊಬೈಲು ತೆಗೆದರು. ಬಂಗಾರಮ್ಮ ಮೆಲ್ಲಗೆ ಮೈಕು ತೆಗೆದುಕೊಂಡು, "ಬಿರುಗಾಳಿಗೆ ಸೂರು ಹೋಯಿತು, ಒಲೆ ಹೋಗಲಿಲ್ಲ" ಎಂದಳು. ಸಭೆ ಎದ್ದು ನಿಂತಿತು.

ಬಸ್ಸಿನಲ್ಲಿ ರತ್ನಮ್ಮ ಹೇಳಿದಳು: "ಕದ್ದಿದ್ದಕ್ಕಲ್ಲ ಕಣೇ ಉರಿ. ನನ್ನ ಕಷ್ಟಾನ ನನಗಿಂತ ಚೆನ್ನಾಗಿ ಹೇಳ್ತಾಳಲ್ಲ, ಅದಕ್ಕೆ."

ಆ ವಾರವೇ ಪೈಡಮ್ಮ ಎಂಬ ಹುಡುಗಿ ಅಂಗಡಿ ಹುಡುಕಿಕೊಂಡು ಬಂದಳು. ಶಿಬಿರದಲ್ಲಿ ಹಿಂದಿನ ಸಾಲಿನಲ್ಲೇ ಕೂತು ಮೈಕಿನಲ್ಲಿ ರತ್ನಮ್ಮನ ಮಾತು ಕೇಳಿದ್ದಳಂತೆ. ಇವಳ ಗಂಡನೂ ಬಿಟ್ಟುಹೋಗಿದ್ದ, ಸೊಂಟದಲ್ಲಿ ಮಗು. "ಮುಂದಿನ ಶಿಬಿರಕ್ಕೆ ನನ್ನ ಹತ್ರ ದುಡ್ಡಿಲ್ಲ ಅಕ್ಕಾ. ಅಷ್ಟು ಧೈರ್ಯ ಎಲ್ಲಿಂದ ತರ್ತಾರೆ, ನೀವಾದ್ರೂ ಹೇಳಿ."

ರತ್ನಮ್ಮ ಕಾವಲಿ ಒರೆಸಿದಳು. ಆಮೇಲೆ ಬೇಕೋ ಬೇಡವೋ ಎಂಬಂತೆ ಹೇಳಿದಳು: "ಧೈರ್ಯಾನೂ ಇಲ್ಲ, ಮಣ್ಣೂ ಇಲ್ಲ. ಬಿರುಗಾಳಿ ದಿನ ನನ್ನ ಒಲೆಯೂ ಹೋಗಿತ್ತು. ಆ ಬಂಗಾರಮ್ಮಾನೇ ತನ್ನ ಮನೆ ಒಲೆ ಹೊತ್ಕೊಂಡು ಬಂದು ಇಲ್ಲಿಟ್ಟಳು. ನಾನು ರುಬ್ಬೋವಾಗ ನನ್ನ ಕೂಸನ್ನ ಎತ್ತಿಕೊಂಡವಳೂ ಅವಳೇ."

ನಾನು ಈ ಬೀದಿಗೆ ಬಂದದ್ದು ಆ ಬಿರುಗಾಳಿಯಾದ ಮೇಲೆ; ಇಷ್ಟು ವರ್ಷದಲ್ಲಿ ಈ ಮಾತು ನಾನೂ ಕೇಳಿರಲಿಲ್ಲ. ಇವಳೂ ಹೇಳಿರಲಿಲ್ಲ, ಅವಳೂ ವೇದಿಕೆಯಲ್ಲಿ ಹೇಳಲಿಲ್ಲ.

"ನನಗೆ ಹಾಗೆ ಯಾರಿದಾರೆ ಅಕ್ಕಾ?"

"ಬೆಳಿಗ್ಗೆ ಮಗೂನ ಇಲ್ಲಿ ಬಿಟ್ಟು ಕೆಲಸ ನೋಡ್ಕೋ. ಅಳೋದಾದ್ರೆ ಮನೇಲೇ ಅತ್ತು ಬಾ, ಗಿರಾಕಿ ಟೈಮು."

ಈಗ ಪೈಡಮ್ಮ ಬಟ್ಟೆಯಂಗಡಿಯಲ್ಲಿ ನಿಂತಿದ್ದಾಳೆ. ಮಗು ರತ್ನಮ್ಮನ ಸೆರಗು ಹಿಡಿದು ನಡೆಯಲು ಕಲಿಯಿತು. ಮೊನ್ನೆ ಅದನ್ನು ಕರೆದೊಯ್ಯಲು ಬಂದಾಗ ಪೈಡಮ್ಮನ ಮೊಬೈಲು ಮಿನುಗಿತು. ಪರದೆಯ ಮೇಲೆ ಸುವರ್ಣಾ ಮೇಡಂ, ಕೈಜೋಡಿಸಿ ನಗುತ್ತಿದ್ದಳು.

"ಉಚ್ಚೆ ಬಳಿಯೋಳು ನಾನು, ಪೂಜೆ ಅವಳಿಗಾ?"

"ನೀವೂ ಹೇಳ್ತೀರ ಅಕ್ಕಾ," ಎಂದಳು ಪೈಡಮ್ಮ, ಪಾಪ, ಸಮಾಧಾನ ಮಾಡುವ ಹಾಗೆ. "ಆದ್ರೆ ಅವರು ಹೇಳಿದ ಹಾಗೆ ಬರಲ್ಲ."

ರತ್ನಮ್ಮ ಮಗುವನ್ನು ಅವಳ ಕೈಗೆ ಕೊಡದೆ ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.