ಸುರಂಗದ ನೀರಿಗೊಂದು ಶವರು

ನಮ್ಮ ಮನೆಗೆ ಮೊದಲ ಸಲ ಬಂದ ನೆಂಟರು ಮಿಂದು, ತಲೆ ಒರೆಸಿಕೊಳ್ಳುತ್ತ ಬಚ್ಚಲುಮನೆಯಿಂದ ಹೊರಗೆ ಬರುವಾಗ ಸಾಮಾನ್ಯವಾಗಿ ನಗುತ್ತಲೇ ಬರುತ್ತಾರೆ. ಕಾರಣ ನನಗೆ ಗೊತ್ತು. ಅಲ್ಲಿ ಗೋಡೆಯ ಮೇಲೆ ಒಂದು ತಾಮ್ರದ ಕೊಪ್ಪರಿಗೆ ಕೂತಿದೆ. ಅದರ ಬುಡದಿಂದ ಒಳಕ್ಕೆ ಚಾಚಿದ ನಳಿಗೆಯ ತುದಿಗೆ, ಹೂಗಿಡಗಳಿಗೆ ನೀರು ಹಾಕುವ ಡಬ್ಬಿಯ ತಗಡಿನ ಮೂತಿಯೊಂದನ್ನು ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟಲಾಗಿದೆ. ಅದರ ಕೆಳಗೆ ನಿಂತವರು ತಾವೂ ಒಂದು ದಾಸವಾಳದ ಗಿಡವೇ ಆದೆವೇನೋ ಎಂಬ ಸಂಕೋಚದಲ್ಲಿ ಮೀಯಬೇಕು. ನೀವೂ ಒಮ್ಮೆ ಬಂದರೆ ಧಾರಾಳವಾಗಿ ನಗಬಹುದು, ನನಗೇನೂ ಬೇಸರವಿಲ್ಲ. ಆದರೆ ಈ ಮೂತಿಗಿಂತ ಮೊದಲು ಅದೇ ಜಾಗದಲ್ಲಿ, ಊಟದ ಬಟ್ಟಲಿನಷ್ಟು ಅಗಲವಾದ, ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಾದಷ್ಟು ಹೊಳಪಿನ ಬೊಂಬಾಯಿ ಶವರೊಂದು ಇತ್ತೆಂದೂ, ಅದನ್ನು ಬಿಚ್ಚಿ ಇದನ್ನು ಕಟ್ಟಿದವರಿಗೆ ತಲೆ ಸರಿಯಾಗಿಯೇ ಇತ್ತೆಂದೂ ಹೇಳಿದರೆ ನಂಬುವವರು ಕಡಿಮೆ.

ಇದು ಅರ್ಥವಾಗಬೇಕಾದರೆ ನಮ್ಮ ನೀರಿನ ಪರಿಚಯ ನಿಮಗಾಗಬೇಕು. ಕಲ್ಲಡ್ಕದಿಂದ ಸ್ವಲ್ಪ ಒಳಗೆ, ಒಂದು ಗುಡ್ಡದ ಬುಡದಲ್ಲಿ ನಮ್ಮ ಮನೆ. ನಮಗೆ ಬಾವಿ ಇಲ್ಲ. ಯಾವ ಕಾಲದ ಹಿರಿಯರೋ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಮನುಷ್ಯ ಬಗ್ಗಿ ನಡೆಯುವಷ್ಟು ಸುರಂಗ ಕೊರೆದು, ಒಳಗಿನ ಒಸರನ್ನು ಹೊರಗೆ ಕರೆದು ತಂದಿದ್ದಾರೆ. ಅಡಿಕೆಮರವನ್ನು ಸೀಳಿ ತೋಡಿದ ದಂಬೆಗಳ ಮೇಲೆ ಹರಿದು ಆ ನೀರು ತಾನಾಗಿಯೇ ನಮ್ಮ ಅಂಗಳಕ್ಕೆ ಬರುತ್ತದೆ. ಅವಸರವಿಲ್ಲದೆ, ಅಬ್ಬರವಿಲ್ಲದೆ, ಹಗಲು ರಾತ್ರಿಯೆನ್ನದೆ ಬರುತ್ತದೆ. ಬೇಕಾದಷ್ಟನ್ನು ನಾವು ತೆಗೆದುಕೊಳ್ಳುತ್ತೇವೆ, ಉಳಿದದ್ದು ಬಾಳೆಯ ಬುಡ ದಾಟಿ ಗದ್ದೆಗೆ ಹೋಗುತ್ತದೆ. ನೀರನ್ನು ಸೇದಿಯೂ ಗೊತ್ತಿಲ್ಲದ, ನಿಲ್ಲಿಸಿಯೂ ಗೊತ್ತಿಲ್ಲದ ಮನೆ ನಮ್ಮದು. ಆ ಸದ್ದನ್ನು ಕೇಳುತ್ತಲೇ ನಾವೆಲ್ಲ ಹುಟ್ಟಿದ್ದು; ಅದು ನಿಂತರೆ ಮಾತ್ರ ನಮಗೆ ಎಚ್ಚರವಾಗುತ್ತದೆ.

ವಂಶ ಹೆಣ್ಣಿನ ಕಡೆಯಿಂದ ನಡೆಯುವ ಅಳಿಯಕಟ್ಟಿನ ಮನೆಯಾದ್ದರಿಂದ ಇಲ್ಲಿ ಹೆಂಗಸರದ್ದೇ ಬೇರು. ಅಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಮನೆಗೆ ಹಿರಿಯರು. ಅವರ ಕೆಳಗೆ ಅಮ್ಮ. ಅಮ್ಮನ ಕೆಳಗೆ ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ ನಾನು. ದೊಡ್ಡಮ್ಮನಿಗೆ ಇದ್ದ ಒಂದೇ ಒಂದು ಹೆಮ್ಮೆ ಅವರ ಕೂದಲು. ಬಿಚ್ಚಿದರೆ ಮೊಣಕಾಲಿಗೆ ಬರುತ್ತಿದ್ದ ಅದನ್ನು ತೊಳೆಯುವುದು ಅವರಿಗೆ ಪೂಜೆಯಷ್ಟೇ ಗಂಭೀರವಾದ ಕೆಲಸ. ದಾಸವಾಳದ ಸೊಪ್ಪನ್ನು ಹಿಂಡಿ, ತಲೆಗೆ ಹಚ್ಚುವ ಆ ಲೋಳೆಯನ್ನು, ಗೊಂಪನ್ನು, ತೆಗೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿದರೆಂದರೆ, ಮನೆಗೆ ಪಟೇಲರೇ ಬಂದರೂ ಜಗಲಿಯಲ್ಲಿ ಕೂತು ಕಾಯಬೇಕು.

ಒಂದು ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಬಲಗೈಯ ಎಲುಬು ಕೂಡಿಕೊಂಡಿತು, ಆದರೆ ಕೈ ಹೆಗಲಿಗಿಂತ ಮೇಲೆ ಏಳಲಿಲ್ಲ. ಎಡಗೈಯಲ್ಲಿ ಉಣ್ಣುವುದನ್ನು ಕಲಿಯಬಹುದು, ಸೀರೆ ಉಡುವುದನ್ನೂ ಕಲಿಯಬಹುದು. ಅಷ್ಟು ಕೂದಲನ್ನು ತೊಳೆಯಲು ಮಾತ್ರ ಒಂದು ಕೈ ನೀರು ಹೊಯ್ಯಬೇಕು, ಇನ್ನೊಂದು ಕೈ ಬಿಡಿಸಬೇಕು. ಅಮ್ಮನೋ ನಾನೋ ಒಳಗೆ ಹೋಗಿ ಚೆಂಬಿನಲ್ಲಿ ಹೊಯ್ಯುತ್ತಿದ್ದೆವು. ದೊಡ್ಡಮ್ಮ ಕಣ್ಣು ಮುಚ್ಚಿ, ತುಟಿ ಬಿಗಿದು, ಬೇರೆ ಯಾರದೋ ಮೈಯನ್ನು ಕಾವಲು ಕಾಯುವವರ ಹಾಗೆ ಕೂತಿರುತ್ತಿದ್ದರು. ಮಾತಿಲ್ಲ. ಕೊನೆಗೆ "ಆಯ್ತಾ?" ಎಂದು ಒಂದೇ ಪ್ರಶ್ನೆ. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಒಂದು ದಿನ ಊಟಕ್ಕೆ ಕೂತಲ್ಲಿ ಹೇಳಿಯೇಬಿಟ್ಟರು. "ದೀಪಾವಳಿಯ ಎಣ್ಣೆಸ್ನಾನಕ್ಕೆ ನಾನೊಬ್ಬಳೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವ ಹಾಗೆ ಆದ್ರೆ ಆಯ್ತು. ಇಲ್ಲದಿದ್ರೆ ಈ ಕೂದಲು ನನಗೆ ಬೇಡ, ಕತ್ತರಿಸಿ ಹಾಕುವ." ಅಮ್ಮ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತಳು. ದೊಡ್ಡಮ್ಮ ಬೆದರಿಸುವವರಲ್ಲ, ಹೇಳಿದ್ದನ್ನು ಮಾಡುವವರು.

ಆಗ ಬಂದದ್ದು ಮಾವ. ದೊಡ್ಡಮ್ಮನಿಗೂ ಅಮ್ಮನಿಗೂ ತಮ್ಮನಾದ ಅವರಿಗೆ ಬೊಂಬಾಯಿಯಲ್ಲಿ ಹೋಟೆಲು. ಸಂಗತಿ ಕೇಳಿ ರಜೆಯಲ್ಲಿ ಬರುವಾಗ ಪೆಟ್ಟಿಗೆಯೊಳಗೆ, ಪಂಚೆಯ ನಡುವೆ ಸುತ್ತಿಕೊಂಡು, ಆ ಹೊಳೆಯುವ ಶವರನ್ನು ತಂದರು. ಬಚ್ಚಲುಮನೆಯ ಮೇಲೆ ಒಂದು ಸಿಮೆಂಟಿನ ಟಾಂಕಿ ಕಟ್ಟಿಸಿದರು. ದಂಬೆಯ ನೀರು ಅದಕ್ಕೆ ಬೀಳಬೇಕು, ಅಲ್ಲಿಂದ ಕೊಳವೆ, ಕೊಳವೆಗೊಂದು ನಲ್ಲಿ, ತುದಿಯಲ್ಲಿ ಶವರು. "ಮಿಂದು ಆದ ಮೇಲೆ ನಲ್ಲಿ ಬಂದ್ ಮಾಡಿ, ಆಯ್ತಾ? ಟಾಂಕಿ ತುಂಬಬೇಕು" ಎಂದು ಪಾಠ ಹೇಳಿದರು. ತಾವೇ ನಲ್ಲಿ ಮುಚ್ಚಿ, ತುಂಬುವ ತನಕ ಕಾದು, ತಿರುಗಿಸಿ ತೋರಿಸಿದರು. ಸೋನೆಮಳೆಯಂತೆ ನೀರು ಸುರಿಯಿತು. ಅಮ್ಮ ಬೆರಗಾಗಿ ಬಾಯಿಗೆ ಕೈ ಇಟ್ಟಳು.

ಅಂಥ ನೀರು ನಾವು ಕಂಡದ್ದು ಅದೊಂದೇ ದಿನ. ಮರುದಿನದಿಂದ ಶವರಿನ ಅಂಚಿನಲ್ಲಿ ನಾಲ್ಕು ಹನಿ ಕೂಡಿ, ಯೋಚಿಸಿ, ಗೋಡೆಯ ಕಡೆಗೆ ಇಳಿದುಹೋಗತೊಡಗಿದವು. ಮಾವ ಏಣಿ ಹತ್ತಿ ನೋಡಿದರೆ ಟಾಂಕಿಯ ತಳ ಮಾತ್ರ ಒದ್ದೆ. ಕಾರಣ ಸರಳ: ಅವರು ಮುಚ್ಚಿದ ನಲ್ಲಿಯನ್ನು ನಾವು ಬಿಡುತ್ತಿದ್ದೆವು. ಬೇಕೆಂದು ಅಲ್ಲ. ಬಚ್ಚಲಿನಲ್ಲಿ ನೀರಿನ ಸದ್ದು ಕೇಳದಿದ್ದರೆ ಅಮ್ಮನಿಗೆ ದಂಬೆ ಕಳಚಿಬಿತ್ತೋ ಎಂಬ ಗಾಬರಿ. ಓಡಿಹೋಗಿ ತಿರುಗಿಸಿ, ಸದ್ದು ಕೇಳಿ, ಸಮಾಧಾನದಿಂದ ಬರುವಳು. ನಾನೂ ಹಾಗೆಯೇ. ಪಾಪ, ಮಾವ ಇದೊಂದನ್ನೂ ಅರಿಯದೆ ತಪ್ಪನ್ನೆಲ್ಲ ಶವರಿನ ಮೇಲೆ ಹಾಕಿದರು. ಬಂಟ್ವಾಳ ಪೇಟೆಯಲ್ಲಿ ಇದಕ್ಕಿಂತ ಒಳ್ಳೆಯದು ಸಿಕ್ಕೀತು, ಬದಲಿಸುವ ಎಂದರು. ದೀಪಾವಳಿ ಹತ್ತಿರ ಬಂದಿತ್ತು.

"ನಾನೂ ಬರ್ತೇನೆ" ಎಂದರು ದೊಡ್ಡಮ್ಮ. ಪೇಟೆಯ ಅಂಗಡಿಯ ಮೆಟ್ಟಿಲು ಹತ್ತಿ ಗೊತ್ತಿಲ್ಲದವರು ಸೋತ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದರು. ಮಾವ, ಅವರು, ನಾನು.

ಕಬ್ಬಿಣದ ಸಾಮಾನಿನ ಅಂಗಡಿಯ ಬ್ಯಾರಿ ಸಾಹುಕಾರರು ಉತ್ಸಾಹದಿಂದ ಇದ್ದಬದ್ದ ಶವರುಗಳನ್ನೆಲ್ಲ ಹಲಗೆಯ ಮೇಲೆ ಹರಡಿದರು. "ಟಾಂಕಿ ಎಷ್ಟು ಎತ್ತರ ಉಂಟು ಸ್ವಾಮಿ?" ಎಂದು ಮಾವನನ್ನು ಕೇಳಿದರು. ಮಾವ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ, "ಎತ್ತರ ಎಷ್ಟಿದ್ದರೂ ಒಂದೇ ಸಾವ್ಕಾರ್ರೇ, ಅದು ತುಂಬುವುದೇ ಇಲ್ಲ. ನಾವು ನಲ್ಲಿ ಬಂದ್ ಮಾಡುವುದಿಲ್ಲ" ಎಂದರು.

"ಬಂದ್ ಮಾಡುವುದಿಲ್ವಾ! ನಾನು ಎಷ್ಟು ಸಲ ಹೇಳಿದೆ ಅಕ್ಕ!"

"ನೀನು ಹೇಳಿದ್ದು ಹೌದು. ಕೈಗೆ ಗೊತ್ತಾಗ್ಬೇಕಲ್ಲ ಮಾರಾಯ."

ಆ ಮಾತನ್ನು ಆಮೇಲೆ ನಾನು ಬಹಳ ಸಲ ನೆನೆದಿದ್ದೇನೆ. ವಸ್ತುಗಳನ್ನು ಆರಿಸುವಾಗ ನಾವು ನಮಗೆ ಇರಬೇಕೆಂದು ಆಸೆಪಡುವ ನೀರಿಗೆ ತಕ್ಕದ್ದನ್ನು ಆರಿಸುತ್ತೇವೆ, ಇರುವ ನೀರಿಗೆ ತಕ್ಕದ್ದನ್ನಲ್ಲ. ಶವರು ಮಾತ್ರವೇ ಏನು, ಮದುವೆಯ ಸೀರೆ, ಮಕ್ಕಳ ಓದು, ಕೆಲವೊಮ್ಮೆ ಅಳಿಯನನ್ನು ಕೂಡ ಹೀಗೆಯೇ ಆರಿಸುತ್ತೇವೆ. ಮತ್ತೆ ಹನಿ ಬೀಳಲಿಲ್ಲವೆಂದು ಅದನ್ನೇ ಬೈಯುತ್ತೇವೆ. ಬೊಂಬಾಯಿಯ ಶವರಿನಲ್ಲಿ ದೋಷವಿರಲಿಲ್ಲ. ಅದು ತಡೆದು ಬಿಡುವ ನೀರಿಗೆ ಹುಟ್ಟಿದ್ದು, ನಮ್ಮದು ತಡೆಯೇ ಗೊತ್ತಿಲ್ಲದ ನೀರು.

ದೊಡ್ಡಮ್ಮ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಳಿಕ, "ಸ್ವಲ್ಪ ನೀರು ತನ್ನಿ, ಹೊಯ್ದು ನೋಡುವ" ಎಂದರು. ಶವರಿಗೆ ನೀರು ಹೊಯ್ದು ನೋಡುವ ಗಿರಾಕಿಯನ್ನು ಸಾಹುಕಾರರು ಮೊದಲ ಸಲ ಕಂಡಿರಬೇಕು. ಆದರೂ ನಗುತ್ತ ಕೊಡದಲ್ಲಿ ತರಿಸಿದರು. ಅಂಗಡಿಯ ಮುಂದಿನ ಚರಂಡಿಯ ಬಳಿ ನಿಂತು, ಹಿಂದಿನಿಂದ ಮೆಲ್ಲನೆ ಹೊಯ್ದರೆ, ಸಣ್ಣ ತೂತಿನವೆಲ್ಲ ನೀರನ್ನು ಕಚ್ಚಿ ಹಿಡಿದು ಬದಿಯಿಂದ ಉಗುಳಿದವು. ದಾರಿಹೋಕರು ನಿಂತು ನೋಡಲು ಶುರುಮಾಡಿದರು. ಮಾವ ಬೇರೆ ಅಂಗಡಿಯ ಗಿರಾಕಿಯಂತೆ ಅತ್ತ ತಿರುಗಿದರು.

ದೊಡ್ಡಮ್ಮನ ಕಣ್ಣು ಅಂಗಡಿಯ ಹೆಂಚಿನ ಮಾಡಿಗೆ ತೂಗುಹಾಕಿದ್ದ, ಗಿಡಕ್ಕೆ ನೀರು ಹಾಕುವ ಡಬ್ಬಿಯ ಮೇಲೆ ಬಿತ್ತು. "ಅದರಲ್ಲಿ ಹೊಯ್ಯಿರಿ." ಸಾಹುಕಾರರು ಹೊಯ್ದರು. ದೊಡ್ಡ ತೂತುಗಳಿಂದ, ಯಾವ ಒತ್ತಾಯವೂ ಇಲ್ಲದೆ, ನೀರು ಎಳೆಎಳೆಯಾಗಿ ಇಳಿಯಿತು. ದೊಡ್ಡಮ್ಮ ಎಡಗೈಯನ್ನು ಅದರ ಕೆಳಗೆ ಚಾಚಿ, ನೀರು ಮುಗಿಯುವ ತನಕ ತೆಗೆಯಲಿಲ್ಲ. "ಇದು ಸಾಕು" ಎಂದರು.

"ಅಕ್ಕಾ, ಅದು ಗಿಡಕ್ಕೆ!" ಮಾವನಿಗೆ ನಾಚಿಕೆಯಿಂದ ಮುಖ ಕೆಂಪಾಗಿತ್ತು.

"ಗಿಡಕ್ಕೆ ಆಗುವ ನೀರು ನನಗೆ ಆಗುವುದಿಲ್ವಾ?"

ಮಾವ ಸಣ್ಣ ಮನಸ್ಸಿನವರಲ್ಲ. ಬಸ್ಸು ಪಾಣೆಮಂಗಳೂರಿನ ಸೇತುವೆ ದಾಟುವಾಗ ಹೊಳೆಯನ್ನು ನೋಡುತ್ತ, "ಹಾಗಾದ್ರೆ ಟಾಂಕಿ ಬೇಡ. ಒಂದು ಕೊಪ್ಪರಿಗೆ ಸಾಕು" ಎಂದರು. ಉಳಿದದ್ದೆಲ್ಲ ಅವರದೇ ಯೋಚನೆ. ಬಚ್ಚಲಿನ ಗೋಡೆಗೂ ಮಾಡಿಗೂ ನಡುವೆ ಇದ್ದ ಸಂದಿನಲ್ಲಿ ಕೊಪ್ಪರಿಗೆ ಕೂರಿಸಿದರು. ದಂಬೆಯ ತಣ್ಣೀರು ಅದಕ್ಕೆ ತಾನಾಗಿ ಬೀಳುವಂತೆ ಮಾಡಿದರು. ಹೊರಗೆ ಸೂರಿನಡಿಯ ಒಲೆಯ ಮೇಲಿದ್ದ ಹಂಡೆಯಿಂದ ಬಿಸಿನೀರನ್ನು ಯಾರಾದರೂ ಕಲ್ಲು ಹತ್ತಿ ನಿಂತು ಅದಕ್ಕೆ ಹೊಯ್ದರಾಯಿತು. ನಲ್ಲಿ ಇಲ್ಲ, ಮುಚ್ಚುವುದಿಲ್ಲ. ಬೊಂಬಾಯಿ ಶವರು ಮಾವನ ಜೊತೆ ಮರಳಿ ಹೋಯಿತು; ಅಲ್ಲಿ ಚೆನ್ನಾಗಿ ಸುರಿಯುತ್ತದಂತೆ.

ದೀಪಾವಳಿಗೆ ನೀರು ತುಂಬಿಸುವ ಸಂಜೆ, ಅಮ್ಮ ಹುಣಸೆಹುಳಿ ಹಾಕಿ ಹಂಡೆಯನ್ನು ಬೆಳಗಿ, ಅದರ ಕೊರಳಿಗೆ ಬಳ್ಳಿ ಸುತ್ತಿದಳು. ಉಳಿದ ಬಳ್ಳಿಯನ್ನು ತಗಡಿನ ಮೂತಿಗೂ ಸುತ್ತಿದಳು. ಮರುದಿನ ಬೆಳಕು ಹರಿಯುವ ಹೊತ್ತಿಗೆ ದೊಡ್ಡಮ್ಮ ನಮ್ಮೆಲ್ಲರ ನೆತ್ತಿಗೆ ಎಡಗೈಯಲ್ಲಿ ಎಣ್ಣೆ ಇಟ್ಟರು. ನಂತರ ಗೊಂಪಿನ ಪಾತ್ರೆ ಹಿಡಿದು ಒಳಗೆ ಹೋದರು. ಚಿಲಕ ಬಿದ್ದ ಸದ್ದು ಕೇಳಿಸಿತು. ಅಷ್ಟು ತಿಂಗಳ ಮೇಲೆ ಆ ಸದ್ದು.

ನಾನು ಹೊರಗೆ ಕಲ್ಲಿನ ಮೇಲೆ. ಕಿವಿಗೆ ಎಣ್ಣೆ ಇಳಿಯುತ್ತಿದ್ದರೂ ಮಾವ ಅಂಗಳ ಬಿಟ್ಟು ಕದಲಲಿಲ್ಲ. "ಬರ್ಲಿ" ಎಂದರು ದೊಡ್ಡಮ್ಮ ಒಳಗಿನಿಂದ. ಹೊಯ್ದೆ. ನೀರು ಬೀಳುವ ಸದ್ದು, ಕೂದಲಿಗೆ ಬಿದ್ದು ಮೆತ್ತಗಾದ ಸದ್ದು. "ಸ್ವಲ್ಪ ಬಿಸಿ." ಹೊಯ್ದೆ. "ಹಾಂ, ಹೀಗೆ." ಆಮೇಲೆ ನೀರಿನ ಸದ್ದು ಮಾತ್ರ. ಅಮ್ಮ ಕಣ್ಣೊರೆಸಿಕೊಂಡು, ಒಲೆಯ ಹೊಗೆ ಎಂದಳು.

ಇದ್ದಕ್ಕಿದ್ದಂತೆ ಚಿಲಕ ತೆಗೆದ ಸದ್ದು. ಇಷ್ಟು ಬೇಗ ಮುಗಿಯಿತೇ, ಆಗಲಿಲ್ಲವೇ ಎಂದು ಕಲ್ಲಿನಿಂದ ಕೆಳಗೆ ಇಳಿದೆ. ಬಾಗಿಲ ಸಂದಿನಿಂದ ದೊಡ್ಡಮ್ಮನ ಸ್ವರ ಬಂತು: "ಏ, ನೀನು ಇಲ್ಲಿ ಬಾ. ಬೆನ್ನಿಗೆ ಕೈ ಎಟಕುವುದಿಲ್ಲ, ಒಮ್ಮೆ ತಿಕ್ಕು." ಅದನ್ನು ಕೇಳಿ ಸಮಾಧಾನವಾಗಿ ಅಮ್ಮನೂ ಮಾವನೂ ಮನೆಯೊಳಗೆ ನಡೆದರು.

ಹೋದೆ. ಕಣ್ಣು ಮುಚ್ಚಿ ಕೂರುತ್ತಿದ್ದವರು ಕಣ್ಣು ತೆರೆದು, ತೊಳೆದ ಕೂದಲನ್ನು ಮುಂದಕ್ಕೆ ಹಾಕಿಕೊಂಡು, ತುಂಬ ಮಾತಾಡಿದರು; ಚಿಕ್ಕಂದಿನಲ್ಲಿ ದಂಬೆಯ ಕೆಳಗೆ ನಿಂತು ಮೀಯುತ್ತಿದ್ದದ್ದು, ಅವರಮ್ಮ ಬೈಯುತ್ತಿದ್ದದ್ದು. ಮಾತಿನ ನಡುವೆ ನೀರು ಮೆಲ್ಲಮೆಲ್ಲನೆ ತಣ್ಣಗಾಗಿ, ಗುಡ್ಡದ ಹೊಟ್ಟೆಯ ಶೀತವೆಲ್ಲ ನಮ್ಮಿಬ್ಬರ ಮೇಲೆ ಇಳಿಯಿತು. "ಅಯ್ಯೋ, ಹೊರಗೆ ಬಿಸಿ ಹೊಯ್ಯುವವರು ಯಾರು?" ಎಂದರು. "ಯಾರೂ ಇಲ್ಲ ದೊಡ್ಡಮ್ಮ, ನಾನು ಇಲ್ಲಿ ಇದ್ದೇನಲ್ಲ!" ಎಂದೆ. ನಿಲ್ಲಿಸುವುದಕ್ಕೆ ನಲ್ಲಿಯೂ ಇಲ್ಲ. ಇಬ್ಬರೂ ನಡುಗುತ್ತ, ಹಲ್ಲು ಕಟಕಟ ಎನ್ನುತ್ತ ನಕ್ಕೆವು.

ಹಾಗೆ, ನೆಂಟರು ನಗುತ್ತ ಹೊರಗೆ ಬರುವಾಗ ನಾನು ಅವರನ್ನು ನೋಡುವುದಿಲ್ಲ, ಜಗಲಿಯ ಕಡೆ ನೋಡುತ್ತೇನೆ. ದೊಡ್ಡಮ್ಮ ಅಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂತು, ಈಗ ಬೆಳ್ಳಗಾದ, ಈಗಲೂ ಮೊಣಕಾಲು ಮುಟ್ಟುವ ಕೂದಲನ್ನು ಎಡಗೈಯಲ್ಲಿ ಬಿಡಿಸುತ್ತಿರುತ್ತಾರೆ. ಅವರು ಕೇಳುವುದು ಇಷ್ಟೇ: "ನೀರು ಸರಿ ಬಂತಲ್ಲ?"