ಡಕೋಟಾದೊಳಗಿನ ಉಣ್ಣೆ ದಾರ

ಮದುವೆಗೆ ಹೋದರೆ ಫಕೀರವ್ವ ಮೊದಲು ನೋಡುವುದು ಮದುಮಗಳ ಮುಖವನ್ನಲ್ಲ, ಅವಳ ಸೆರಗಿನ ಹಿಂಬದಿಯ ಹೊಲಿಗೆಯನ್ನು. ಬಸ್ಸು ಹತ್ತಿದರೆ ಸೀಟಿನ ಕೆಳಗೆ ಕೈ ಹಾಕಿ ರೆಗ್ಜಿನ್ ಎಲ್ಲಿ ಮಡಚಿದ್ದಾರೆಂದು ತಡವುತ್ತಾಳೆ. ಒಮ್ಮೆ ಹಾಗೆ ತಡವುತ್ತಿದ್ದಾಗ ಕಂಡಕ್ಟರ್ “ಏನ್ ಕಳಕೊಂಡಿರಿ ಯವ್ವಾ?” ಎಂದು ಕೇಳಿ, ಪಾಪ, ತಾನೂ ಬಗ್ಗಿ ಹುಡುಕಿದ್ದ.

ಅವಳಿಗೀಗ ಐವತ್ತಾರು. ಹುಟ್ಟಿದ್ದು ಮಮದಾಪುರದ ಕುರಿಗಾರರ ಮನೆಯಲ್ಲಿ. ಮಗ್ಗದಿಂದ ಇಳಿದ ಎರಡು ಉದ್ದ ಪಟ್ಟಿಗಳನ್ನು ಜೋಡಿಸಿ ಕಂಬಳಿ ಮಾಡುವುದನ್ನು ಅವ್ವ ಕಲಿಸಿದಾಗ ಎಂಟು ವರ್ಷ. ದಬ್ಬಣ ಎರಡು ಸಲ ಮುಂದೆ ಹೋಗಬೇಕು, ಒಂದು ಸಲ ಹಿಂದೆ ತಿರುಗಿ ತಾನು ನಡೆದ ಹೆಜ್ಜೆಯನ್ನೇ ಬಿಗಿಯಬೇಕು. ಒಂದು ಎಳೆ ಕಡಿದರೂ ಮುಂದಿನದು ಬಿಚ್ಚುವುದಿಲ್ಲ. ಲಕ್ಷ್ಮಣನನ್ನು ಮದುವೆಯಾಗಿ ಗೋಕಾಕಕ್ಕೆ ಬಂದ ಮೇಲೆ ಅದೇ ಕೈ ತಾಡಪತ್ರಿಗೆ ಹೊರಳಿತು. ಟ್ರ್ಯಾಕ್ಟರಿನ ಟಪ್ಪು, ಲಾರಿಯ ಹೊದಿಕೆ, ಮಳೆಗೆ ನೆನೆಯಬಾರದ್ದು ಏನಿದ್ದರೂ ಅದರ ಅಳತೆ ಅವಳ ಅಂಗಡಿಗೆ ಬರುತ್ತದೆ. ಲಕ್ಷ್ಮಣ ಬೆಲ್ಲದ ಟೆಂಪೊ ಓಡಿಸುತ್ತಾನೆ. ಅದು ವಾರಕ್ಕೊಮ್ಮೆಯಾದರೂ ನಡುದಾರಿಯಲ್ಲಿ ನಿಲ್ಲುವುದರಿಂದ ಓಣಿಯವರೆಲ್ಲ ಅದನ್ನು ಡಕೋಟಾ ಎನ್ನುತ್ತಾರೆ.

ಹೀಗಾಗಿ ಹುಕ್ಕೇರಿಯ ತಾಡಪತ್ರಿ ವ್ಯಾಪಾರಿ ಪರಪ್ಪ ಫೋನು ಮಾಡಿ, “ಫಕೀರವ್ವಾ, ಡಕೋಟಾಕ್ಕ ಸೀಟು ಹೊಲೀಬೇಕಾಗೈತಿ” ಎಂದಾಗ ಅವಳು ಗಂಡನ ಗಾಡಿಯೆಂದೇ ತಿಳಿದಳು.

“ಅದರ ಸೀಟು ಛಲೋನ ಅದಾವ್ರಿ. ಕೆಟ್ಟದ್ದು ಎಂಜಿನ್ನು.”

ಪರಪ್ಪ ನಕ್ಕೂ ನಕ್ಕೂ ಕೆಮ್ಮಿದ. “ನಿನ್ನ ಗಂಡನ ಗಾಡಿ ಅಲ್ಲಬೇ, ವಿಮಾನ! ಖರೆ ಡಕೋಟಾ. ಹಿಂದಿನ ಕಾಲದಾಗ ಮಿಲಿಟರಿ ಸಾಮಾನು ಹೊರತಿತ್ತು. ಈಗ ಮ್ಯೂಸಿಯಮ್ಮಿನಾಗ ನಿಂತೈತಿ.”

ಪರಪ್ಪನ ತಂಗಿಯ ಮಗಳು ಶೈಲಾ ಸಮುದ್ರದ ಕಡೆಯ ಒಂದು ವಿಮಾನ ಸಂಗ್ರಹಾಲಯದಲ್ಲಿ ಹಳೆಯ ವಿಮಾನಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ಒಳಗಿನ ಕ್ಯಾನ್ವಾಸ್ ಸೀಟುಗಳು ಹರಿದುಹೋಗಿದ್ದರಿಂದ ಜನರನ್ನು ಹತ್ತಗೊಡುತ್ತಿರಲಿಲ್ಲ. ಆ ದಪ್ಪ ಬಟ್ಟೆ ಹೊಲಿಯಲು ಯಾವ ದರ್ಜಿಯೂ ಒಪ್ಪಿರಲಿಲ್ಲ. ಒಂದು ಸೋಮವಾರ ಪರಪ್ಪನ ಜೀಪಿನಲ್ಲಿ ಫಕೀರವ್ವ ಅಳತೆಗೆಂದು ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ: ಹಾರುವುದಕ್ಕೆ ಯಾಕೆ ಗುಜರಿ ಗಾಡಿಯ ಹೆಸರಿಟ್ಟರು? ಅಲ್ಲಿ ಇಳಿದಕೂಡಲೇ ಅದನ್ನೇ ಕೇಳಿದಳು.

“ಮೊದಲು ಇದಕ್ಕ ಹೆಸರು ಬಂತು,” ಎಂದಳು ಶೈಲಾ. “ಇದು ಮುದುಕ ಆದಮ್ಯಾಲೆ ಜನ ಅದನ್ನ ಹಳೇ ಬಸ್ಸಿಗೆ ಕೊಟ್ರು ಅಂತ ಕಾಣ್ತದ.”

ವಿಮಾನ ಬಯಲಿನಲ್ಲಿ ಮೂತಿ ಎತ್ತಿ, ಬಾಲ ಊರಿ ಕೂತಿತ್ತು. ಒಳಗೆ ಕಾಲಿಟ್ಟರೆ ನೆಲವೇ ಏರು. ಹತ್ತುತ್ತ, ಗೋಡೆಯ ತಗಡಿನ ಮೊಳೆಗಳನ್ನು ಬೆರಳಿನಿಂದ ಎಣಿಸುತ್ತ ಫಕೀರವ್ವ ಮುಂದಿನ ಗಾಜಿನವರೆಗೆ ಹೋಗಿ ಬಂದಳು. ಎರಡೂ ಬದಿಗೆ ಮಡಚುವ ಸೀಟುಗಳಿದ್ದವು. ಅಭ್ಯಾಸಬಲದಿಂದ ಒಂದೊಂದನ್ನೇ ಮಗುಚಿ ನೋಡಿದಳು. ಎಲ್ಲವೂ ಮಶೀನಿನ ಹೊಲಿಗೆ. ಏಳನೆಯದರ ಹತ್ತಿರ ಅವಳ ಕೈ ನಿಂತಿತು.

ಅಲ್ಲೊಂದು ತೇಪೆಯಿತ್ತು. ಕರಿ ದಾರ. ಎರಡು ಮುಂದೆ, ಒಂದು ಹಿಂದೆ.

“ಇದನ್ನ ಯಾರು ಹೊಲಿದ್ರವಾ?”

ಶೈಲಾ ಮೊಬೈಲಿನ ಬೆಳಕು ಹಿಡಿದಳು. ಇಷ್ಟು ವರ್ಷ ಅಲ್ಲೇ ಕೆಲಸ ಮಾಡಿದರೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಫಕೀರವ್ವ ಒಂದು ಗೇಣು ತುದಿ ಬಿಚ್ಚಿ, ಹೊರಗೆ ದೂರ ಹೋಗಿ, ಪರಪ್ಪನ ಕಡ್ಡಿಪೆಟ್ಟಿಗೆಯಿಂದ ಸುಟ್ಟಳು. ಹತ್ತಿಯ ನೂಲಾಗಿದ್ದರೆ ಕಾಗದ ಸುಟ್ಟ ವಾಸನೆ ಬರಬೇಕಿತ್ತು. ಬಂದದ್ದು ಕೂದಲು ಸುಟ್ಟ ವಾಸನೆ.

“ಉಣ್ಣೆ! ವಿಮಾನದಾಗ ಕುರಿ ಉಣ್ಣೆ ಎಲ್ಲಿಂದ ಬಂತ್ರಿ?”

ಪರಪ್ಪನಿಗೆ ಹೊತ್ತಾಗುತ್ತಿತ್ತು. ಮಾದರಿಗೆಂದು ಕೊಟ್ಟ ಎರಡು ಸೀಟಿನಲ್ಲಿ ಒಂದು ಆ ತೇಪೆಯದೇ ಇರಲಿ ಎಂದು ಫಕೀರವ್ವ ಕೇಳಿ ಪಡೆದಳು.

ಊರಿಗೆ ಬಂದವಳು ಸುಮ್ಮನೆ ಕೂರಲಿಲ್ಲ. ಶೈಲಾ ಹಳೆಯ ದಾಖಲೆಗಳನ್ನು ತಿರುವಿಹಾಕಿ ಏನೂ ಇಲ್ಲವೆಂದು ಫೋನು ಮಾಡಿದಳು. ಫಕೀರವ್ವ ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ “ನಮ್ಮ ಕುರಿಗಾರರಾಗ ಯಾರರ ವಿಮಾನದ ಪಲ್ಟನ್ನಿನಾಗ ಇದ್ರೇನ್ರಿ?” ಎಂದು ಕೇಳತೊಡಗಿದಳು. ಕಲ್ಲೋಳಿಯ ಟ್ರ್ಯಾಕ್ಟರ್‌ನವನೊಬ್ಬ ಮೂಡಲಗಿಯ ಮಾಳಪ್ಪನ ಹೆಸರು ಹೇಳಿದ. ಸೈನ್ಯದಲ್ಲಿದ್ದು ಬಂದವನು, ಎಂಬತ್ತು ದಾಟಿದವನು. ಮರುದಿನವೇ ಅವಳು ಸೀಟನ್ನು ಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ಮಾಳಪ್ಪ ಹೊಲಿಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿ ತಲೆಯಾಡಿಸಿದ.

“ನಾನಲ್ಲವಾ. ನನಗ ದಬ್ಬಣ ಹಿಡ್ಯಾಕ ಬರಂಗಿಲ್ಲ. ಒಂದ ಸಲ ಇಂಥಾ ವಿಮಾನದಾಗ ಹೋಗಿದ್ದೆ, ಅಷ್ಟ. ಸೀಟು ಮಡಚಿ ಗ್ವಾಡಿಗೆ ಕಟ್ಟಿದ್ರು. ಹಿಟ್ಟಿನ ಚೀಲದ ಮ್ಯಾಲೆ ಕುಂತಿದ್ದೆ. ಬಾಜೂಕ ಕುರಿ.”

“ಕುರಿ?”

“ಇಪ್ಪತ್ತು ಕುರಿ. ಗುಡ್ಡದ ತುದಿಗಿದ್ದ ಪಲ್ಟನ್ನಿನ ಊಟಕ್ಕ. ವಿಮಾನ ಎದ್ದಕೂಡಲೇ ಎಲ್ಲಾ ಜಾರಿ ಬಾಲದ ಕಡೆ ಹ್ವಾದ್ವು. ನಾನು ವಾಂತಿ ಮಾಡಾಕತ್ತಿದ್ದೆ, ಅವು ಒದರಾಕತ್ತಿದ್ವು.”

ಫಕೀರವ್ವ ನಗಬೇಕೋ ಬೆರಗಾಗಬೇಕೋ ತಿಳಿಯದೆ ಕೂತಳು. ಅವಳ ಅಪ್ಪ ಕುರಿಗಳ ಹಿಂದೆ ಎಷ್ಟೋ ಹರದಾರಿ ನಡೆದು ಕಾಲು ಸವೆಸಿದ್ದ; ಇಲ್ಲಿ ಕುರಿಗಳು ಮೋಡದ ಮೇಲೆ ಹೋಗಿದ್ದವು.

“ಅವನ್ನ ಕಾಯಾಕ ಯಾರರ ಇದ್ರೇನ್ ಕಾಕಾ?”

“ಒಬ್ಬ ಇದ್ದ. ನಮ್ಮ ಕಡ್ಯಾಂವಲ್ಲ. ಅವನ ಭಾಷಾ ನನಗ ತಿಳೀಲಿಲ್ಲ. ಕರಿ ಕಂಬಳಿ ಹೊಚ್ಚಿದ್ದ.”

“ಅದು ಎರಡು ಪಟ್ಟಿ ಜೋಡಿಸಿದ್ದಾ, ಒಂದ ಅಗಲದ್ದಾ?”

“ಅದನ್ನ ಯಾರು ನೋಡ್ತಾರವಾ?”

“ನಾನಾಗಿದ್ರ ನೋಡ್ತಿದ್ದೆ,” ಎಂದಳು ಅವಳು, ನಿಜವಾದ ಬೇಸರದಿಂದ.

ಮಾಳಪ್ಪ ಹೋದದ್ದು ಇದೇ ವಿಮಾನವೆಂದು ಹೇಳುವಂತಿರಲಿಲ್ಲ. ಅಂಥವು ಬಹಳ ಇದ್ದವಂತೆ. ತೇಪೆ ಹಾಕಿದವನು ಆ ಕುರಿಗಾರನೇ ಎನ್ನಲೂ ಆಧಾರವಿಲ್ಲ. ಮೂಡಲಗಿಯಿಂದ ಮರಳುವಾಗ ಅವಳು ಇಷ್ಟನ್ನು ಮಾತ್ರ ಒಪ್ಪಿಕೊಂಡಳು: ಕಿರಿದಾದ ಪಟ್ಟಿ ನೇಯುವವರು ಎಲ್ಲೇ ಇರಲಿ, ಅವುಗಳನ್ನು ಗಟ್ಟಿಯಾಗಿ ಜೋಡಿಸಲು ಹೊರಟರೆ ಅವರ ಕೈಯೂ ಕೊನೆಗೆ ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ತಿರುಗುತ್ತದೆ. ಅವ್ವ ಇದನ್ನು ನಮ್ಮ ಮನೆಯದೇ ಹೊಲಿಗೆ ಎನ್ನುತ್ತಿದ್ದಳು. ಪರವೂರಿನ ಯಾವನಿಗೋ ಇದು ಗೊತ್ತಿತ್ತೆಂದು ಕೇಳಿದ್ದರೆ ಏನೆನ್ನುತ್ತಿದ್ದಳೋ.

ಇಪ್ಪತ್ನಾಲ್ಕು ಸೀಟು ಹೊಲಿಯಲು ಒಂದೂವರೆ ತಿಂಗಳು ಹಿಡಿಯಿತು. ಹಳೆಯ ತೇಪೆಯನ್ನು ಅವಳು ಎಸೆಯಲಿಲ್ಲ. ಅದರ ಸುತ್ತಲಿನ ಬಟ್ಟೆಯನ್ನು ಚೌಕವಾಗಿ ಕತ್ತರಿಸಿ ಹೊಸ ಸೀಟೊಂದರ ನಡುವೆ ಕೂರಿಸಿದಳು. ಶೈಲಾ ಮೊದಲು ಅನುಮಾನಿಸಿದಳು, ಮೇಲಿನವರನ್ನು ಕೇಳಿದಳು, ಆಮೇಲೆ ಇರಲಿ ಎಂದಳು.

ಸೀಟು ಕೂರಿಸಲು ಈ ಸಲ ಪರಪ್ಪನ ಜೀಪಿನಲ್ಲಿ ಲಕ್ಷ್ಮಣನೂ ಬಂದಿದ್ದ. ಅವನು ತನ್ನ ಗಾಡಿಯ ಹಿರಿಯಣ್ಣನ ಎಂಜಿನ್ನಿನ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದ. ಕೆಲಸ ಮುಗಿಸಿ ಇಳಿದ ಫಕೀರವ್ವ ವಿಮಾನವನ್ನು ಒಂದು ಸುತ್ತು ಹಾಕಿದಳು. ಎಲ್ಲ ಕಡೆ ತಗಡು. ಹಿಂದೆ ಬಂದು, ಬಾಲದ ಮೇಲೆ ಎದ್ದುನಿಂತ ಚುಕ್ಕಾಣಿಯನ್ನು ಬೆರಳಗಂಟಿನಿಂದ ಬಡಿದಳು. ಸದ್ದು ಬೇರೆ ಬಂತು. ಡೊಳ್ಳು ತಟ್ಟಿದಂತಿತ್ತು.

“ಇದು ಅರಿವಿ ಐತಲ್ಲ!”

“ಹೌದ್ರಿ,” ಎಂದಳು ಶೈಲಾ. “ಬಟ್ಟಿ ಬಿಗಿದು, ಕೈಲೇ ಹೊಲಿದು, ಮ್ಯಾಲೆ ಬಣ್ಣ ಹೊಡೀತಿದ್ರು. ವಿಮಾನ ಆ ಕಡೆ ಈ ಕಡೆ ಹೊರಳಬೇಕಂದ್ರ ಇದ ಬೇಕು. ತುದಿಗೆ ಹರದೈತಿ ನೋಡ್ರಿ. ಈ ಹೊಲಿಗಿ ಬಲ್ಲ ಮುದುಕರು ಇಲ್ಲೊಬ್ರು ಇದ್ರು, ಹೋದ ವರ್ಷ ತೀರಿಕೊಂಡ್ರು.”

ಗೇಟಿನ ಹೊರಗೆ ಜೀಪಿನ ಹಾರ್ನು ಎರಡು ಸಲ ಕೇಳಿತು.

“ಪರಪ್ಪಗ ಸ್ವಲ್ಪ ನಿಂದ್ರಾಕ ಹೇಳ್ರಿ,” ಎಂದು ಗಂಡನಿಗೆ ಹೇಳಿ ಫಕೀರವ್ವ ಕನ್ನಡಕ ಒರೆಸಿಕೊಂಡಳು. “ಶೈಲವ್ವಾ, ಒಂದು ಏಣಿ ಸಿಗತೈತೇನು?”